ಮಂಗಳವಾರದ ಗಾಡಿಯನ್ನು ಕಳಿಸಿದವರು ಯಾರು

ಜಗಳಕ್ಕೆ ನಾನು ಹೆದರಿದವಳಲ್ಲ. ಮಧುಗಿರಿಯಲ್ಲಿ ದಿನಸಿ ಸಗಟು ಗೋದಾಮು ನಡೆಸುವವಳು ಜಗಳಕ್ಕೆ ಹೆದರಿದರೆ ಹಮಾಲರಿಂದ ಹಿಡಿದು ಬೆಲ್ಲದ ಮಂಡಿಯವರ ತನಕ ಎಲ್ಲರೂ ತಲೆ ಮೇಲೆ ಕೂರುತ್ತಾರೆ. ಗಂಡ ತೀರಿಕೊಂಡ ಮೇಲೆ ಮೈದುನನ ಜೊತೆ ಸೇರಿ ಈ ವ್ಯಾಪಾರ ಹಿಡಿದೆ. ಅವನದು ಲೆಕ್ಕ, ನನ್ನದು ಬಾಯಿ. ಆದರೆ ಜಗಳ ಆಡಬೇಕೆಂದರೆ ಎದುರಿಗೆ ಒಬ್ಬರಾದರೂ ಇರಬೇಕಲ್ಲ? ಹೋದ ವರ್ಷದ ಹಿಂದಿನ ಬೇಸಿಗೆಯಲ್ಲಿ ನನ್ನ ಒಡಹುಟ್ಟಿದ ಅಕ್ಕನ ಅಂಗಡಿಗೆ ನಮ್ಮದೇ ಗೋದಾಮಿನ ಗಾಡಿ ಇನ್ನು ಹೋಗುವುದಿಲ್ಲ ಎಂದು ತೀರ್ಮಾನವಾಯಿತು. ತೀರ್ಮಾನ ಮಾಡಿದವರು ಯಾರು ಎಂದು ಇಡೀ ಗೋದಾಮು ತಡಕಾಡಿದರೂ ಒಂದು ನರಪಿಳ್ಳೆ ಸಿಗಲಿಲ್ಲ.

ಮೊದಲು ಹೀಗಿರಲಿಲ್ಲ. ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ಹಣೆಯ ವಿಭೂತಿ ಒಣಗುವ ಮೊದಲೇ ಫೋನು ಹಿಡಿದು ಕೂರುತ್ತಿದ್ದೆ. ಕೊರಟಗೆರೆ, ಸಿರಾ, ಪಾವಗಡ, ಅತ್ತ ವಳ್ಳೂರಿನವರೆಗೂ ನಮ್ಮ ಸರಕು ಹೋಗುವ ಅಂಗಡಿಗಳಿಗೆಲ್ಲ ಒಂದೊಂದು ಫೋನು. "ಏನ್ ಬೇಕಪ್ಪ ಇವತ್ತು?" ಎಂದರೆ ಯಾರೂ ನೇರವಾಗಿ ಬೇಕಾದ್ದನ್ನು ಹೇಳುವವರಲ್ಲ. ಮಳೆ, ಮಂಡಿನೋವು, ಸೊಸೆಯ ಬಾಯಿ, ಎಲ್ಲ ಆದ ಮೇಲೆ ಕೊನೆಗೆ ಒಂದು ಮೂಟೆ ಸಕ್ಕರೆ. ಮೈದುನನಿಗೆ ಇದು ಹೊತ್ತು ಕಳೆಯುವ ಕೆಲಸವಾಗಿ ಕಂಡಿತು. ಯಾವುದೋ ಕಂಪನಿಯ ಜೊತೆ ಮಾತಾಡಿ ಗೋದಾಮಿಗೆ ಕಂಪ್ಯೂಟರ್ ಏಜೆಂಟುಗಳನ್ನು ತಂದ.

ಕಲಿಸುವುದಕ್ಕೆ ಕಂಪನಿಯಿಂದ ಒಬ್ಬಳು ಮೇಡಂ ಬಂದಳು. ಒಳ್ಳೆಯ ಹುಡುಗಿ, ನಗುಮುಖ. ಅವಳು ಹೇಳಿದ್ದನ್ನು ನನಗೆ ತಿಳಿದಂತೆ ಹೇಳುತ್ತೇನೆ. ಪ್ರತಿ ಅಂಗಡಿಗೂ ಕಂಪ್ಯೂಟರಿನೊಳಗೆ ಒಂದು ಏಜೆಂಟು. ಗೋದಾಮಿಗೊಂದು, ಪ್ರತಿ ಗಾಡಿಗೊಂದು. ಅಂಗಡಿಯವರು ಏನೇನು ಮಾರಿದರೆಂದು ಮೊಬೈಲಿನಲ್ಲಿ ಒತ್ತುತ್ತಾರೆ, ಅವರ ಏಜೆಂಟು ಅದನ್ನು ನೋಡಿಕೊಂಡೇ ಇರುತ್ತದೆ. ಬೆಳಗಾಗುವುದರೊಳಗೆ ಇವೆಲ್ಲ ಒಂದರ ಜೊತೆ ಒಂದು ಚೌಕಾಸಿ ಮಾಡುತ್ತವೆ. ನನಗಿಷ್ಟು ಎಣ್ಣೆ ಬೇಕು ಅನ್ನುತ್ತದೆ ಅಂಗಡಿಯದು, ಜಾಗ ಇಲ್ಲ ಅನ್ನುತ್ತದೆ ಗಾಡಿಯದು, ಹಾಗಾದರೆ ಆ ಊರು ಬಿಡು ಅನ್ನುತ್ತದೆ ಗೋದಾಮಿನದು. ನಾವು ಬಂದು ಬಾಗಿಲು ತೆಗೆಯುವ ಹೊತ್ತಿಗೆ ಯಾವ ಗಾಡಿಗೆ ಏನು ಹೇರಬೇಕು, ಯಾವ ಊರಿಗೆ ಹೋಗಬೇಕು ಎಲ್ಲ ಪರದೆಯ ಮೇಲೆ ಸಿದ್ಧ. ಶುರು ಮಾಡುವ ಮೊದಲು ಒಂದು ವರ್ಷದ ವ್ಯಾಪಾರವನ್ನೆಲ್ಲ ಕಂಪ್ಯೂಟರಿನೊಳಗೇ ಸುಳ್ಳುಸುಳ್ಳೇ ಆಡಿಸಿ ನೋಡಿದರು. ಪಾವಗಡದ ರಸ್ತೆ ಕೆಟ್ಟರೆ ಏನಾದೀತು, ಬೇಳೆ ಬಾರದೆ ಹೋದರೆ ಏನಾದೀತು ಎಂದು. ಮಕ್ಕಳು ಮಣ್ಣಿನಲ್ಲಿ ಅಂಗಡಿ ಆಟ ಆಡಿದ ಹಾಗೆ.

"ಏಜೆಂಟ್ ಅಂದ್ರೆ ಕಮಿಷನ್ ಎಷ್ಟು ತಿಂತಾನೆ?" ಎಂದು ಕೇಳಿದೆ.

"ಕಮಿಷನ್ನೇ ಇಲ್ಲ ಆಂಟಿ. ಅದು ಬರೀ ಪ್ರೋಗ್ರಾಮ್."

"ಕಮಿಷನ್ ತಿನ್ನದ ಏಜೆಂಟ್‌ನ ಈ ಜನ್ಮದಲ್ಲಿ ನೋಡಿಲ್ಲ ಕಣಮ್ಮ ನಾನು. ಕುರಿ ಏಜೆಂಟ್‌ನ ಕೇಳು, ಹುಣಸೆಹಣ್ಣಿನ ಏಜೆಂಟ್‌ನ ಕೇಳು."

ಅವಳು ನಕ್ಕಳು. ಮೈದುನ ನಗಲಿಲ್ಲ.

ಸುಳ್ಳು ಯಾಕೆ ಹೇಳಲಿ, ಶುರುವಿನಲ್ಲಿ ಚೆನ್ನಾಗಿಯೇ ನಡೆಯಿತು. ರಾಯಚರ್ಲಿನ ಅಂಗಡಿಗೆ ಸೋಲಾರ್ ಪಾರ್ಕಿನ ಕೆಲಸಗಾರರಿಗೆಂದು ಟೀಪುಡಿ, ಬಿಸ್ಕತ್ತು ಎಷ್ಟು ಕಳಿಸಿದರೂ ಸಾಲದೆಂದು ಮೊದಲು ಗೊಣಗಾಟ ಇತ್ತು, ಅದು ನಿಂತಿತು. ಸಿರಾದ ಅಂಗಡಿಯ ಸಾಹೇಬರು ತಾವಾಗಿಯೇ ಫೋನು ಮಾಡಿ, "ಕಮಾಲ್ ಆಗೋಯ್ತು ಅಮ್ಮಾ! ನಾನು ಕೇಳೋಕ್ ಮುಂಚೇನೇ ಸಕ್ರೆ ಬಂದು ಬಾಗ್ಲಲ್ಲಿ ನಿಂತೈತೆ" ಎಂದರು. ಪಾವಗಡದ ಅಂಗಡಿಯಾಕೆಗೆ ಮಾತ್ರ ಬೇಜಾರು. "ಏಮಮ್ಮಾ, ಫೋನ್ ಮಾಡೋದೇ ಬುಟ್ಬುಟ್ರಲ್ಲ, ಕೋಪಮಾ?" ಎಂದು ಕೇಳಿದಳು. ಕೋಪ ಇಲ್ಲಮ್ಮ, ಈಗ ನಿನ್ನ ಏಜೆಂಟು ನನ್ನ ಏಜೆಂಟಿನ ಜೊತೆ ಮಾತಾಡ್ಕೊಳ್ತದೆ ಎಂದೆ. ಅವಳ ಮಂಡಿನೋವು ಈಗ ಹೇಗಿದೆ ಎಂದು ಏಜೆಂಟು ಕೇಳುತ್ತದೋ ಇಲ್ಲವೋ, ನನಗೇನು ಗೊತ್ತು?

ಈಗ ಅಕ್ಕನ ವಿಷಯ. ಅಕ್ಕ ನನಗಿಂತ ತುಂಬ ದೊಡ್ಡವಳು. ಅವ್ವ ಬೇಗ ಹೋಗಿಬಿಟ್ಟಳು, ನನ್ನ ತಲೆ ಬಾಚಿ ಜಡೆ ಹಾಕಿ ಶಾಲೆಗೆ ಕಳಿಸಿದವಳು ಅಕ್ಕ. ಅವಳನ್ನು ಕೊಟ್ಟದ್ದು ಮಿಡಿಗೇಶಿಯಿಂದ ಆಚೆ ಒಂದು ಊರಿಗೆ. ಭಾವ ಹೋದ ಮೇಲೆ ಮನೆಯ ಮುಂದಿನ ಕೋಣೆಯಲ್ಲಿ ದಿನಸಿ ಅಂಗಡಿ ಇಟ್ಟಳು. ಸೊಸೆಯ ಕೈ ನೋಡಿಕೊಂಡು ಕೂರಬೇಕಾಗಿಲ್ಲ ಎನ್ನುವ ಧೈರ್ಯ ಅವಳಿಗೆ ಆ ಅಂಗಡಿಯಿಂದ. ನಮ್ಮ ಗಾಡಿ ಮಂಗಳವಾರ ಮಂಗಳವಾರ ಆ ಬೀದಿಗೆ ಹೋಗಿ ಸರಕು ಇಳಿಸಿ ಬಂದರೆ ಅಂಗಡಿ ಉಂಟು. ಗಾಡಿ ನಿಂತರೆ ಬಸ್ಸಿನಲ್ಲಿ ಮೂಟೆ ಹೊತ್ತು ತರುವ ವಯಸ್ಸೇ ಅವಳದು? ಬಾಗಿಲು ಹಾಕಬೇಕು, ಅಷ್ಟೆ.

ಬೇಸಿಗೆ ಏರುತ್ತಿತ್ತು. ಒಂದು ಮಂಗಳವಾರ ಬೆಳಿಗ್ಗೆ ಪರದೆ ನೋಡುತ್ತೇನೆ, ಮಿಡಿಗೇಶಿ ಕಡೆಯ ಗಾಡಿಯಲ್ಲಿ ಅಕ್ಕನ ಊರೇ ಇಲ್ಲ.

"ಏನಪ್ಪಾ ಇದು? ನಮ್ಮಕ್ಕನ ಅಂಗಡಿ ತೆಗೆದಿದ್ಯಾಕೆ?" ಎಂದು ಮೈದುನನ ಮೇಲೆ ಎಗರಿದೆ.

"ದೇವ್ರಾಣೆ ನಾನು ತೆಗ್ದಿಲ್ಲ ಅತ್ತಿಗೆ."

"ನೀನು ತೆಗ್ದಿಲ್ಲ, ನಾನು ತೆಗ್ದಿಲ್ಲ. ಮತ್ತೆ ದೆವ್ವ ಬಂದು ತೆಗೀತಾ?"

ಮೇಡಮ್ಮಿಗೆ ಫೋನು ಹಚ್ಚಿದ. ಅವಳು ಅಲ್ಲೇ ಕುಳಿತು ಏನೇನೋ ನೋಡಿ ಹೇಳಿದಳು: ಆ ಅಂಗಡಿಯಲ್ಲಿ ಎಣ್ಣೆ, ಸಾಸಿವೆ, ಬೆಳ್ಳುಳ್ಳಿ, ಹಪ್ಪಳ, ಸೋಪು ಎಲ್ಲ ಒಮ್ಮೆಲೇ ನಿಂತುಹೋಗಿದೆ. ಬೇರೆ ಸಗಟಿನವರ ಹತ್ತಿರ ತರುತ್ತಿರಬಹುದೆಂದು ಗೋದಾಮಿನ ಏಜೆಂಟು ಅನುಮಾನಿಸಿದೆ. ಇಷ್ಟು ಕಡಿಮೆ ಸರಕಿಗೆ ಅಷ್ಟು ದೂರ ಹೋಗುವುದು ದಂಡ ಎಂದು ಗಾಡಿಯ ಏಜೆಂಟು ಹೇಳಿದೆ. ಅಂಗಡಿಯ ಏಜೆಂಟು ಒಪ್ಪಿಕೊಂಡಿದೆ.

"ಯಾವ ಅಂಗಡಿಯ ಏಜೆಂಟು?"

"ನಿಮ್ಮ ಅಕ್ಕನವರದೇ ಆಂಟಿ."

ಅಕ್ಕನ ಪರವಾಗಿ ಮಾತಾಡಲಿ ಎಂದು ಇಟ್ಟದ್ದು ಅಕ್ಕನ ಅಂಗಡಿ ಮುಚ್ಚಲು ತಾನೇ ಒಪ್ಪಿಕೊಂಡು ಬಂದಿದೆ! ಮನುಷ್ಯನಾಗಿದ್ದರೆ ಕೊರಳಪಟ್ಟಿ ಹಿಡಿದು ಕೇಳುತ್ತಿದ್ದೆ. ಇದಕ್ಕೆ ಕೊರಳೆಲ್ಲಿ? ಮುಂದಿನ ಮಂಗಳವಾರದೊಳಗೆ ಏನಾದರೂ ಕಾರಣ ಹಾಕಿದರೆ ಏಜೆಂಟುಗಳು ಮತ್ತೆ ಮಾತಾಡಿಕೊಳ್ಳುತ್ತವೆ, ಇಲ್ಲದಿದ್ದರೆ ಆ ಊರು ಬಿಟ್ಟಂತೆಯೇ ಎಂದಳು ಮೇಡಂ.

ಕಾರಣ ನನಗೆ ಗೊತ್ತಿದ್ದರೆ ತಾನೆ? ಹೇಳಲು ನಾಚಿಕೆ, ನನ್ನ ತಲೆಯೂ ಅನುಮಾನದ ಕಡೆಗೇ ಹೋಯಿತು. ಅಕ್ಕನ ಊರಿಗೆ ಹಿಂದೂಪುರ ಹತ್ತಿರ. ಅಲ್ಲಿಯವರು ಯಾರಾದರೂ ಅಗ್ಗಕ್ಕೆ ಎಣ್ಣೆ ಇಳಿಸುತ್ತಿದ್ದಾರೋ? ನನಗೊಂದು ಮಾತು ಹೇಳದೆ? ಫೋನು ಮಾಡಿದೆ.

"ಅಕ್ಕ, ಅಂಗಡಿ ಹೆಂಗೈತೆ?"

"ಎಲ್ಲಾ ನೆಟ್ಟಗೈತೆ ಕಣೆ."

"ಎಣ್ಣೆ ಯಾಕೆ ಹೋಗ್ತಿಲ್ಲ?"

"ಹೋಯ್ತದೆ ಬುಡು, ಆಮೇಲೆ."

"ನಾನೊಂದ್ಸಲ ಬಂದು ಹೋಗ್ಲಾ?"

"ಬ್ಯಾಡ ಕಣೆ. ಈಗ ಬ್ಯಾಡ. ನಾನೇ ಹೇಳಿ ಕಳಿಸ್ತೀನಿ" ಎಂದವಳೇ ಫೋನು ಇಟ್ಟುಬಿಟ್ಟಳು. ಬಾ ಬಾ ಎಂದು ಪ್ರಾಣ ತಿನ್ನುತ್ತಿದ್ದವಳು ಬೇಡ ಅನ್ನುತ್ತಾಳೆಂದರೆ ಏನರ್ಥ? ನನಗೆ ಅಳುವೂ ಬಂತು, ಸಿಟ್ಟೂ ಬಂತು.

ಬೇಡ ಅಂದರೆ ಬಿಡುವ ಜಾತಿಯಲ್ಲ ನಾನು. ಮಾರನೆಯ ದಿನವೇ ಬಸ್ಸು ಹತ್ತಿದೆ. ಮಿಡಿಗೇಶಿಯ ಬೆಟ್ಟ ದಾಟುವವರೆಗೂ ಅಕ್ಕನಿಗೆ ಏನೇನು ಅನ್ನಬೇಕೆಂದು ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತಿದ್ದೆ. ಊಟದ ಹೊತ್ತಿಗೆ ಸರಿಯಾಗಿ ಅವಳ ಊರಿನಲ್ಲಿ ಇಳಿದೆ. ಬೀದಿಯಲ್ಲಿ ಅರ್ಧ ನಡೆದ ಮೇಲೆ ಏನೋ ಒಂದು ಇಲ್ಲವಲ್ಲ ಅನ್ನಿಸಿತು. ಏನೆಂದು ಹೊಳೆಯಲು ಸ್ವಲ್ಪ ಹೊತ್ತು ಬೇಕಾಯಿತು. ಆ ಹೊತ್ತಿನಲ್ಲಿ ಯಾವ ಮನೆಯಿಂದಲೂ ಒಗ್ಗರಣೆಯ ವಾಸನೆ ಇಲ್ಲ. ತಲೆ ಎತ್ತಿ ನೋಡಿದರೆ ಬಾಗಿಲು ಬಾಗಿಲಿಗೂ ಬೇವಿನ ಸೊಪ್ಪು.

ಅಯ್ಯೋ ಶಿವನೇ ಎಂದು ಅಲ್ಲೇ ನಿಂತೆ. ಅಮ್ಮ ಬಂದಿದ್ದಾರೆ.

ನಮ್ಮ ಕಡೆ ಮಕ್ಕಳ ಮೈಮೇಲೆ ಗುಳ್ಳೆ ಎದ್ದರೆ ಅದನ್ನು ಕಾಯಿಲೆ ಅನ್ನುವುದಿಲ್ಲ. ಅಮ್ಮ ಬಂದಿದ್ದಾರೆ ಅನ್ನುತ್ತೇವೆ. ಬಂದವರು ಹೋಗುವ ತನಕ ಆ ಮನೆಯಲ್ಲಿ ಒಗ್ಗರಣೆ ಸಿಡಿಸುವಂತಿಲ್ಲ, ಎಣ್ಣೆಯಲ್ಲಿ ಕರಿಯುವಂತಿಲ್ಲ, ಸೋಪು ಹಚ್ಚಿ ಸ್ನಾನ ಮಾಡುವಂತಿಲ್ಲ. ಬೀದಿಗೆಲ್ಲ ಬಂದರೆ ಬೀದಿಯವರೆಲ್ಲ ಹಾಗೇ ಇರುತ್ತಾರೆ. ನೆಂಟರನ್ನು ಕರೆಯುವುದಿಲ್ಲ, ಹೀಗಾಗಿದೆ ಎಂದು ಫೋನಿನಲ್ಲಿ ಸಾರುವುದೂ ಇಲ್ಲ.

ಅವಳ ಮನೆ ಮುಂದೆ ಹೋದರೆ ಅಕ್ಕ ಹೊಸಿಲು ದಾಟದೆ ಒಳಗೇ ನಿಂತಳು. "ಅಲ್ಲೇ ನಿಂತ್ಕ. ಬ್ಯಾಡ ಅಂದ್ರೆ ಕೇಳಲ್ಲ ಅಂತೀಯಲ್ಲೇ ನೀನು! ಮೊಮ್ಮಗ್ಳಿಗೆ ಬಂದವ್ರೆ. ಡಾಕ್ಟ್ರು ಮಾತ್ರೆ ಕೊಟ್ಟವ್ರೆ, ನಾವೂ ಬೇವು ಹಾಸಿ ಮಲಗ್ಸಿದ್ದೀವಿ. ಇಳೀತೈತೆ."

ಹಿಂದೂಪುರದ ಮಾತು ನಾನು ಎತ್ತಲಿಲ್ಲ. ಗಾಡಿ ಯಾಕೆ ಬರಲಿಲ್ಲ ಎಂದು ಅವಳೇ ಕೇಳಿದಳು. "ಬರ್ತದೆ ಬಿಡಕ್ಕ, ನಾನಿಲ್ವಾ" ಎಂದೆ. ಮಗು ಒಳಗಿನಿಂದ ಅಜ್ಜೀ ಎಂದು ಕರೆಯಿತು, ಅವಳು ಒಳಗೆ ಹೋದಳು.

ಗೋದಾಮಿಗೆ ಬಂದು ಕಾರಣ ಹಾಕಲು ಕೂತೆ. ಪರದೆಯ ಮೇಲೆ ಆಯ್ದುಕೊಳ್ಳಲು ಕೊಟ್ಟಿದ್ದರು. ಅಂಗಡಿ ಮುಚ್ಚಿದೆ, ರಸ್ತೆ ಹಾಳು, ಬೇರೆ ಸಗಟುದಾರ, ಹಬ್ಬ, ಕಾಯಿಲೆ. ಮೇಡಮ್ಮಿಗೆ ಫೋನಿನಲ್ಲಿ ಎಲ್ಲ ಹೇಳಿದೆ. "ಓ, ಚಿಕನ್‌ಪಾಕ್ಸಾ? ಕಾಯಿಲೆ ಒತ್ತಿಬಿಡಿ ಆಂಟಿ, ಸಿಂಪಲ್" ಎಂದಳು.

ನಾನೇನು ಓದದವಳಲ್ಲ. ಮಧುಗಿರಿಯ ಕಾಲೇಜಿನಲ್ಲೇ ಬಿ.ಎ. ಮಾಡಿದವಳು. ಅದು ವೈರಸ್ಸಿನಿಂದ ಬರುತ್ತದೆಂದು ನನಗೂ ಗೊತ್ತು, ನನ್ನ ಮಕ್ಕಳಿಗೆ ಚುಚ್ಚುಮದ್ದು ಹಾಕಿಸಿದ್ದೇನೆ. ಆದರೂ ಬೆರಳು ಆ ಪದದ ಮೇಲೆ ಹೋಗಲಿಲ್ಲ. ಅಲ್ಲಿ ಮಗು ಬೇವಿನ ಮೇಲೆ ಮಲಗಿದೆ, ಇಲ್ಲಿ ಕೂತು ನಾನು ಬಂದವರನ್ನು ಕಾಯಿಲೆ ಎಂದು ಬರೆದರೆ? ಏನೂ ಆಗುವುದಿಲ್ಲ ಎಂದು ತಲೆ ಹೇಳುತ್ತಿತ್ತು. ಏನಾದರೂ ಆದರೆ ಎಂದು ಬೆರಳು ಕೇಳುತ್ತಿತ್ತು. ಬಹಳ ಹೊತ್ತು ಕೂತು, ಕೊನೆಗೆ ಹಬ್ಬ ಎನ್ನುವುದನ್ನು ಒತ್ತಿದೆ. ಮನೆಗೆ ದೇವರು ಬಂದಿದ್ದಾರೆ ಎಂದ ಮೇಲೆ ಅದು ಪೂರ್ತಿ ಸುಳ್ಳೂ ಅಲ್ಲವಲ್ಲ.

ಒತ್ತಿದ ಕೂಡಲೇ ಇನ್ನೊಂದು ಪ್ರಶ್ನೆ ಬಂತು. ಇದು ಪ್ರತಿ ವರ್ಷ ಬರುತ್ತದೆಯೇ? ಹೌದು, ಇಲ್ಲ. ಇದೊಳ್ಳೆ ಪೀಕಲಾಟ! ಹೌದು ಅಂದರೆ ಕರೆದಂತಾಯಿತು. ಇಲ್ಲ ಅಂದರೆ, ಬರಬೇಡ ಎಂದು ಅಮ್ಮನಿಗೆ ಹೇಳಲು ನಾನು ಯಾರು? ಎರಡನ್ನೂ ಒತ್ತದೆ ಹಾಗೇ ಬಿಟ್ಟು ಕೈಮುಗಿದು ಎದ್ದೆ. ಮೈದುನ ನನ್ನನ್ನೇ ನೋಡುತ್ತಿದ್ದ. ಕಂಪ್ಯೂಟರಿಗೆ ಯಾಕೆ ಕೈಮುಗೀತೀರಿ ಅತ್ತಿಗೆ ಎಂದು ಕೇಳಲಿಲ್ಲ, ಪುಣ್ಯಾತ್ಮ.

ಮಂಗಳವಾರ ಅಕ್ಕನ ಊರು ಪರದೆಗೆ ವಾಪಸು ಬಂದಿತ್ತು. ಆದರೆ ಹಬ್ಬವಲ್ಲವೇ! ಏಜೆಂಟುಗಳು ಖುಷಿಯಿಂದ ಎಣ್ಣೆ ಡಬ್ಬ, ಹಪ್ಪಳ, ಸೋಪು ಎಲ್ಲ ಎರಡರಷ್ಟು ಬರೆದಿದ್ದವು. ಅಮ್ಮ ಇರುವ ಬೀದಿಗೆ ಗಾಡಿ ತುಂಬ ಎಣ್ಣೆ! ಗಾಡಿಯ ಹತ್ತಿರ ಓಡಿಹೋಗಿ, ಡ್ರೈವರನ ಮುಂದೆಯೇ ಎಲ್ಲ ಇಳಿಸಿದೆ. "ಇದೇನಮ್ಮ, ಏರ್ಸಿದ್ದು ಮತ್ತೆ ಇಳ್ಸೋದು" ಎಂದು ಅವನು ಗೊಣಗಿದ. ಅದರ ಜಾಗದಲ್ಲಿ ಬೆಲ್ಲ, ಹುರಿಗಡಲೆ, ತೆಂಗಿನಕಾಯಿ, ಅರಿಶಿನ, ಕರ್ಪೂರ ಹೇರಿಸಿದೆ. ಅಮ್ಮ ಇಳಿದ ಮೇಲೆ ಊರೆಲ್ಲ ಸೇರಿ ಮಾರಮ್ಮನಿಗೆ ತಂಪು ಮಾಡುತ್ತಾರೆ. ಮನೆಮನೆಯಿಂದ ಮೊಸರನ್ನ, ತಂಬಿಟ್ಟು ಹೋಗಬೇಕು. ಅದಕ್ಕೆ ಬೇಕಾದ್ದನ್ನೇ ಕಳಿಸಿದೆ. ಇಳಿಸಿದ್ದನ್ನೂ ಏರಿಸಿದ್ದನ್ನೂ ಮೈದುನ ಕಂಪ್ಯೂಟರಿನಲ್ಲಿ ಒತ್ತಿದ.

ಮೊಮ್ಮಗಳು ಎದ್ದಳು. ತಂಪು ಆಯಿತು. ಅಕ್ಕನ ಅಂಗಡಿಯ ಸರಕೆಲ್ಲ ಖಾಲಿಯಾಗಿ, ಮತ್ತೆ ಒಗ್ಗರಣೆ ಶುರುವಾದ ಮೇಲೆ ಎಣ್ಣೆಯೂ ಹೋಯಿತು. ಅಂಗಡಿ ಗಾಡಿಯ ದಾರಿಯಲ್ಲಿ ಗಟ್ಟಿಯಾಗಿ ಉಳಿಯಿತು. ಗೆದ್ದೆ ಅಂದುಕೊಂಡೆ. ಯಾರನ್ನು ಗೆದ್ದೆನೋ ಅದು ಮಾತ್ರ ಗೊತ್ತಿರಲಿಲ್ಲ.

ವರ್ಷ ತಿರುಗಿತು. ಹೋದ ಬೇಸಿಗೆಯ ಒಂದು ಮಂಗಳವಾರ ನಾನು ಕೊರಟಗೆರೆಯಲ್ಲಿ ನೆಂಟರ ಗೃಹಪ್ರವೇಶಕ್ಕೆ ಹೋಗಿದ್ದೆ, ಆ ದಿನ ಪರದೆ ನೋಡಿರಲಿಲ್ಲ. ಊಟಕ್ಕೆ ಎಲೆ ಹಾಕಿದ್ದರು, ಅಕ್ಕನ ಫೋನು ಬಂತು.

"ಲೇ, ಏನೇ ಕಳಿಸಿದ್ದೀಯ?"

"ಏನು ಕಳಿಸಿದ್ದೀನಿ?"

"ಎಣ್ಣೆ ಇಲ್ಲ. ಸಾಸ್ವೆ ಇಲ್ಲ. ಸೋಪಿಲ್ಲ. ಬರೀ ಬೆಲ್ಲ, ಹುರಿಗಡ್ಲೆ, ಕಾಯಿ, ಕರ್ಪೂರ. ಗಾಡಿ ತುಂಬ ಅದೇ. ಬೀದಿ ಹೆಂಗಸರೆಲ್ಲ ನೋಡ್ಬುಟ್ರು. ಯಾರ ಮನೆಗೆ ಬಂದವ್ರೆ ಅಂತ ಒಬ್ಬೊಬ್ರೂ ಬಂದು ಕೇಳ್ತಾವ್ರೆ. ಯಾರ ಮನೆಗೂ ಬಂದಿಲ್ಲ ಕಣೆ!"

ನಾನು ಎಲೆಯ ಮುಂದಿನಿಂದ ಎದ್ದೆ. ಆಗ ಅರ್ಥವಾಯಿತು. ನಾನು ಉತ್ತರ ಕೊಡದೆ ಬಿಟ್ಟ ಪ್ರಶ್ನೆಗೆ ಅವು ತಾವೇ ಉತ್ತರ ಹುಡುಕಿಕೊಂಡಿವೆ. ಹಿಂದಿನ ವರ್ಷ ನನ್ನ ಕೈ ಏನು ಇಳಿಸಿತು, ಏನು ಏರಿಸಿತು ಎಂದು ನೋಡಿ ಕಲಿತಿವೆ. ಆ ಊರಿಗೆ ಈ ಕಾಲಕ್ಕೆ ಈ ಹಬ್ಬ, ಈ ಹಬ್ಬಕ್ಕೆ ಎಣ್ಣೆ ಕೂಡದು. ಯಾರೂ ಹೇಳಿಕೊಡದೆ ನಮ್ಮ ಆಚಾರ ಅವಕ್ಕೆ ಬಂದುಬಿಟ್ಟಿದೆ.

"ಅಕ್ಕ, ಕಂಪ್ಯೂಟರ್ ಕಳಿಸಿದ್ದು ಅಂತ ಹೇಳು."

"ಹೇಳ್ದೆ. ಕಂಪ್ಯೂಟರ್‌ಗೆ ಯಾರು ಹೇಳಿದ್ರು ಅಂತಾರೆ."

"ಯಾರೂ ಹೇಳಿಲ್ಲ ಅಕ್ಕ."

"ಯಾರೂ ಹೇಳ್ದೆ ಅದ್ಕೆ ಹೆಂಗೆ ಗೊತ್ತಾಯ್ತದೆ? ನೀನೇ ಹೇಳು, ಹೆಂಗೆ ಗೊತ್ತಾಯ್ತದೆ?"

ಮೇಡಂ ಹೇಳಿದ್ದೆಲ್ಲ ನೆನಪಿಗೆ ತಂದುಕೊಂಡೆ. ಒಂದೂ ಅಕ್ಕನ ಬೀದಿಯಲ್ಲಿ ನಿಂತು ಹೇಳುವಂಥ ಮಾತಾಗಿರಲಿಲ್ಲ.

ಆ ವಾರವೆಲ್ಲ ಅಕ್ಕನ ಅಂಗಡಿಗೆ ಒಬ್ಬರೂ ಕಾಲಿಡಲಿಲ್ಲ. ವ್ಯಾಪಾರ ಆಗಲಿ ಎಂದು ಅಮ್ಮನನ್ನು ಕರೆಯುತ್ತಿದ್ದಾಳೆ ಎಂದು ಯಾರೋ ಆಡಿದರಂತೆ. ಆಡಿದ ಮಾತು ಬೀದಿಯ ಈ ತುದಿಯಿಂದ ಆ ತುದಿಗೆ ಹೋಗಲು ಎಷ್ಟು ಹೊತ್ತು ಬೇಕು? ಮಕ್ಕಳನ್ನು ಉಪ್ಪಿಗೆ ಕೂಡ ಅವಳ ಅಂಗಡಿಗೆ ಕಳಿಸುವುದನ್ನು ನಿಲ್ಲಿಸಿದರು. ನಾನು ಮತ್ತೆ ಫೋನು ಮಾಡಿದಾಗ ಅಕ್ಕ ಅಳುತ್ತಿರಲಿಲ್ಲ. ಅದಕ್ಕೇ ನನಗೆ ಹೆಚ್ಚು ಹೆದರಿಕೆಯಾಯಿತು.

"ಬಾಗ್ಲು ಹಾಕ್ಬುಡ್ತೀನಿ ಕಣೆ. ಅವ್ರಿಗೆ ಯಾರಾದ್ರೂ ಒಬ್ರು ಬೇಕು. ಕಳಿಸಿದೋರು ಇಂಥೋರು ಅಂತ ಗೊತ್ತಾಗೋವರ್ಗೂ ನನ್ನೇ ಅಂತಾರೆ."

ಒಬ್ಬರು ಬೇಕು. ಅದು ನನಗೆ ಬಹಳ ಚೆನ್ನಾಗಿ ಅರ್ಥವಾಗುವ ಮಾತು.

"ನಾನು ಕಳಿಸಿದೆ ಅಂತ ಹೇಳು" ಎಂದೆ.

"ಏನಂದೆ?"

"ಮಧುಗಿರಿ ತಂಗಿ ಕಳಿಸಿದ್ಲು, ವ್ಯಾಪಾರದ ಆಸೆಗೆ ಬಿದ್ದು ಕಳಿಸಿದ್ಲು, ನಂಗೇನೂ ಗೊತ್ತಿರಲಿಲ್ಲ ಅಂತ ಹೇಳು. ಗುಡಿ ಮುಂದೆ ನಿಂತ್ಕೊಂಡು ಹೇಳು. ಆ ಸರಕು ಒಂದೂ ಇಟ್ಕೋಬೇಡ, ಎಲ್ಲಾ ವಾಪಸ್ ಹಾಕ್ಸು."

"ಅಂಗಂದ್ರೆ ಆಮೇಲೆ ನೀನು ಈ ಬೀದೀಲಿ ಕಾಲಿಡಂಗಿಲ್ಲ ಕಣೆ. ಬುಡಲ್ಲ ಇವ್ರು."

"ಬರಲ್ಲ ಬಿಡು."

"ನಿನ್ನ ಬುಟ್ರೆ ನಂಗ್ಯಾರವ್ರೆ?"

"ಅಂಗಡಿ ಇದೆಯಲ್ಲಕ್ಕ" ಎಂದೆ.

ಹೇಳಿದಳು. ಗುಡಿಯ ಮುಂದೆ ನಿಂತೇ ಹೇಳಿದಳಂತೆ. ಸರಕು ವಾಪಸು ಬಂತು. ನಿಧಾನಕ್ಕೆ ಒಬ್ಬೊಬ್ಬರೇ ಉಪ್ಪಿಗೆ, ಬೆಂಕಿಪೊಟ್ಟಣಕ್ಕೆ ಎಂದು ಬರತೊಡಗಿದರು. ಆ ಬೇಸಿಗೆಯಲ್ಲಿ ಅಮ್ಮ ಆ ಊರಿಗೆ ಬರಲೇ ಇಲ್ಲ. ನೋಡಿ, ಏನೂ ಆಗಲಿಲ್ಲ, ಇನ್ನು ನಾನು ಹೋಗಿಬರಬಹುದು ಎಂದುಕೊಂಡು ಅಕ್ಕನಿಗೆ ಫೋನು ಮಾಡಿದೆ.

"ನೀನು ಕಾಲಿಡ್ದೇ ಇದ್ದಿದ್ಕೇ ಬರ್ಲಿಲ್ಲ ಅಂತಾವ್ರೆ ಕಣೆ" ಎಂದಳು ಅಕ್ಕ.